ಅಪ್ಪ ಹುಡುಕಿದ ದಂಡೆ

ಮತ್ತಿಗಿರಿಯ ನಮ್ಮ ಮನೆಯಲ್ಲಿ ಹಾಸಿಗೆ ಸುತ್ತುವುದಕ್ಕೂ ಒಂದು ಕ್ರಮವಿತ್ತು. ಮೊದಲು ದಿಂಬು, ಆಮೇಲೆ ಹೊದಿಕೆ, ಕೊನೆಗೆ ಚಾಪೆ. ಸುತ್ತಿದ ಚಾಪೆಯ ಅಂಚು ಗೋಡೆಯ ಕಡೆಗಿರಬೇಕು. ಹಾಗಿಲ್ಲದಿದ್ದರೆ ಅಪ್ಪ ಏನೂ ಅನ್ನುತ್ತಿರಲಿಲ್ಲ, ತಾವೇ ಬಿಚ್ಚಿ ಮತ್ತೆ ಸುತ್ತಿಡುತ್ತಿದ್ದರು. ಬೈಗುಳಕ್ಕಿಂತ ಅದೇ ಹೆಚ್ಚು ನಾಟುತ್ತಿತ್ತು. ಅಪ್ಪ ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೂಗೋಳ ಹೇಳಿಕೊಡುವ ಮೇಷ್ಟರು. ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆ ಅವರ ಕೊಡೆಗೆ, ಇನ್ನೊಂದು ಚೀಲಕ್ಕೆ. ಬೇರೆ ಯಾವುದನ್ನು ಅಲ್ಲಿ ನೇತುಹಾಕಿದರೂ ಸಂಜೆಯೊಳಗೆ ಅದು ನೆಲಕ್ಕೆ ಬಂದಿರುತ್ತಿತ್ತು. ಪಡಸಾಲೆ ಅಪ್ಪನದಾದರೆ ನಡುಮನೆಯಿಂದ ಹಿತ್ತಿಲವರೆಗೆ ಅಜ್ಜಿಯದು. ಅಜ್ಜಿ ಅಪ್ಪನ ತಾಯಿ, ಡೆಂಕಣಿಕೋಟೆ ಕಡೆಯ ಹಳ್ಳಿಯವಳು. ಉಪ್ಪಿನಕಾಯಿ ಹಾಕಬೇಕಾದರೂ ದಿನ ನೋಡುವವಳು. ಮಂಗಳವಾರ ತಲೆಗೆ ಎಣ್ಣೆ ಹಚ್ಚುವಂತಿಲ್ಲ, ದೀಪ ಹಚ್ಚಿದ ಮೇಲೆ ಯಾರಿಗೂ ಮೊಸರು ಕೊಡುವಂತಿಲ್ಲ, ಹೊಸಿಲ ಮೇಲೆ ಕೂರುವಂತಿಲ್ಲ. ಅವಳಿಗೆ ಓದು ಬಾರದು. ಪಂಚಾಂಗವನ್ನು ನಾನು ಓದಬೇಕಿತ್ತು, ಅರ್ಥವನ್ನು ಅವಳು ಹೇಳುತ್ತಿದ್ದಳು. ಅಮ್ಮನಿಗೆ ಅಂತ ಬೇರೆ ಜಾಗವಿರಲಿಲ್ಲ, ಆದರೆ ಅವಳ ದನಿ ಮನೆಯ ಎಲ್ಲ ಕಡೆಯೂ ಇರುತ್ತಿತ್ತು. ಮುದ್ದೆ ತಿರುವುತ್ತಾ ಮಾತು, ನೀರು ಸೇದುತ್ತಾ ಮಾತು, ಮಾತಾಡಲು ಯಾರೂ ಸಿಗದಿದ್ದರೆ ಬೆಕ್ಕಿನ ಜೊತೆ ಮಾತು. ಅಪ್ಪ ಪಡಸಾಲೆಯಲ್ಲಿ ಕೂತು ಕೆಂಪು ಶಾಯಿಯಲ್ಲಿ ಉತ್ತರಪತ್ರಿಕೆ ತಿದ್ದುವಾಗ ಒಳಗಿನ ಆ ಮಾತು ಕೇಳಿ ಒಬ್ಬರೇ ನಗುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ನನಗೊಬ್ಬ ತಮ್ಮ ಹುಟ್ಟಿದ. ಹೆಸರಿಡುವ ಮೊದಲೇ ಹೋದ. ಅವನ ಮುಖ ನನಗೆ ನೆನಪಿಲ್ಲ, ಹಿಡಿದಿದ್ದ ಮುಷ್ಟಿ ಮಾತ್ರ ನೆನಪಿದೆ. ಆಮೇಲೂ ಮನೆಯ ಕೆಲಸಗಳು ಹೊತ್ತಿಗೆ ಸರಿಯಾಗಿ ನಡೆದವು. ಅಮ್ಮನೇ ನಡೆಸಿದಳು. ಹಂಡೆಗೆ ಉರಿ ಹಾಕಿದಳು, ಅಂಗಳಕ್ಕೆ ನೀರು ಚಿಮುಕಿಸಿದಳು, ಅಪ್ಪನಿಗೆ ಬುತ್ತಿ ಕಟ್ಟಿದಳು. ಆದರೆ ದನಿ ನಿಂತುಹೋಯಿತು. ಕೇಳಿದ್ದಕ್ಕೆ ಹೂಂ ಅಥವಾ ಉಹೂಂ, ಅಷ್ಟೇ. ಎಲ್ಲರಿಗೂ ಬಡಿಸಿ, ನಾನು ಆಮೇಲೆ ಉಣ್ಣುತ್ತೇನೆ ಅನ್ನುತ್ತಿದ್ದಳು. ಆಮೇಲೆ ಹೋಗಿ ನೋಡಿದರೆ ಅವಳ ತಟ್ಟೆಯ ಮುದ್ದೆ ತಣ್ಣಗಾಗಿ, ಮೇಲೆ ಒಣಗಿ, ಬಿರುಕು ಬಿಟ್ಟಿರುತ್ತಿತ್ತು. ನನ್ನ ತಟ್ಟೆಯಲ್ಲಿ ಒಂದು ಅಗುಳು ಉಳಿದರೂ ಗದರುತ್ತಿದ್ದ ಅಜ್ಜಿ ಆ ಮುದ್ದೆಯನ್ನು ಮಾತಿಲ್ಲದೆ ಪಕ್ಕದ ಮನೆಯ ಹಸುವಿಗೆ ಹಾಕಿ, ತಟ್ಟೆ ತೊಳೆದು ಕವುಚಿಡುತ್ತಿದ್ದಳು. ಆ ಬೇಸಿಗೆಗೆ ಅಮ್ಮನ ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ಅವಳು ಬಡವಾಗಿದ್ದಳು. ಹೊಸೂರಿನ ಡಾಕ್ಟರು ಟಾನಿಕ್ ಬರೆದುಕೊಟ್ಟು, ಸ್ವಲ್ಪ ದಿನ ಜಾಗ ಬದಲಾಗಲಿ, ಕಡಲ ಗಾಳಿಯಾದರೆ ಇನ್ನೂ ಒಳ್ಳೆಯದು ಅಂದರು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ತಮಿಳು ಮೇಷ್ಟರೊಬ್ಬರ ಊರು ಕಡಲೂರು. ಅವರ ತಾಯಿ ಮಗಳ ಮನೆಗೆ ಹೋಗಿದ್ದರಿಂದ ಅಲ್ಲಿನ ಮನೆ ಖಾಲಿ ಇತ್ತು. ಬೀಗದ ಕೈ ಅಪ್ಪನಿಗೆ ಸಿಕ್ಕಿತು. ಅಜ್ಜಿಗೆ ಇದೆಲ್ಲ ಹಿಡಿಸಲಿಲ್ಲ.

"ಮನೇಲಿ ವಾಸಿಯಾಗ್ದಿದ್ದು ಊರು ಬಿಟ್ಟು ಊರಿಗೆ ಹೋದ್ರೆ ವಾಸಿಯಾಯ್ತದೇನ್ಲಾ?"

"ಡಾಕ್ಟ್ರು ಹೇಳವ್ರೆ ಅಮ್ಮ. ಒಂದು ವಾರ ನೋಡನ."

"ಆಯ್ತು. ನಾನೂ ಬತ್ತೀನಿ. ಆ ಮೀನು ತಿನ್ನೋರ ಊರಲ್ಲಿ ನಿಂಗೆ ರಾಗಿ ಹಿಟ್ಟು ಯಾರು ಕೊಟ್ಟಾರು?"

ಹಾಗಾಗಿ ರಾಗಿ ಹಿಟ್ಟಿನ ಡಬ್ಬ, ಹುಣಸೆಹಣ್ಣು, ಹುರುಳಿಕಾಳು, ಮುದ್ದೆ ಕೋಲು, ಪಂಚಾಂಗ, ದೇವರ ದೀಪ ಎಲ್ಲವೂ ನಮ್ಮ ಜೊತೆ ಬಸ್ಸು ಹತ್ತಿದವು. ಸೂಳಗಿರಿ ದಾಟುವಷ್ಟರಲ್ಲಿ ಅಜ್ಜಿ ಕಿಟಕಿಯ ಪಕ್ಕ ಕೂತು ಹೊರಗಿನ ಹೊಲಗಳ ತಪ್ಪು ಹಿಡಿಯತೊಡಗಿದ್ದಳು. ಕೃಷ್ಣಗಿರಿಯಲ್ಲಿ ಬಸ್ಸು ಬದಲಿಸಿದೆವು. ತಿರುವಣ್ಣಾಮಲೆ ದಾಟಿದ ಮೇಲೆ ಸೆಕೆ ಶುರುವಾಯಿತು. ಕಡಲೂರು ತಲುಪುವಷ್ಟರಲ್ಲಿ ನಮ್ಮ ಬಟ್ಟೆಯೆಲ್ಲ ಮೈಗೆ ಅಂಟಿತ್ತು. ಮರುದಿನ ಬೆಳಿಗ್ಗೆಯೇ ಆ ಮನೆ ಮತ್ತಿಗಿರಿಯ ಮನೆಯಾಯಿತು. ಅಪ್ಪ ಕೊಡೆಗೊಂದು ಮೊಳೆ ಹುಡುಕಿಕೊಂಡರು. ಅಜ್ಜಿ ಅಡುಗೆಮನೆಯನ್ನು ಹಿಂದಿನವರ ಮೀನಿನ ವಾಸನೆ ಹೋಗುವವರೆಗೆ ತೊಳೆದಳು. ನಾನು ಚಾಪೆಗಳನ್ನು ಅಂಚು ಗೋಡೆಗೆ ಮಾಡಿ ಸುತ್ತಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ಬೀದಿಯ ಕೊನೆಯ ಕಡೆ ನೋಡುತ್ತಿದ್ದಳು. ಸಮುದ್ರ ಅಲ್ಲಿಂದ ಕಾಣುತ್ತಿರಲಿಲ್ಲ, ಅದರ ಸದ್ದು ಮಾತ್ರ ಬರುತ್ತಿತ್ತು.

ಆ ಸಂಜೆ ದೇವನಾಂಪಟ್ಟಣದ ದಂಡೆಗೆ ಹೋದೆವು. ನಮ್ಮಲ್ಲಿ ಯಾರೂ ಅದುವರೆಗೆ ಸಮುದ್ರ ನೋಡಿರಲಿಲ್ಲ. ಮಕ್ಕಳಿಗೆ ವರ್ಷಗಟ್ಟಲೆ ನಕ್ಷೆಯಲ್ಲಿ ಬಂಗಾಳ ಕೊಲ್ಲಿ ತೋರಿಸಿದ ಅಪ್ಪನೂ ನೋಡಿರಲಿಲ್ಲ. ಅಜ್ಜಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಲೆ ಬಂದು ಮರಳಿನಲ್ಲಿ ಇಂಗುವ ಜಾಗದಿಂದ ಸ್ವಲ್ಪ ದೂರದಲ್ಲಿ ಜಮಖಾನ ಹಾಸಿ ಕೂತೆವು. ಯಾರೂ ಏನೂ ಕೇಳಿರಲಿಲ್ಲ. ಅಮ್ಮನೇ ಬಾಯಿ ಬಿಟ್ಟಳು.

"ಒಂದ್ಸಲ ನೀರಲ್ಲಿ ಇಳಿದು ನಿಂತ್ಕಬೇಕು ಅನ್ನಿಸ್ತೈತೆ."

ಅಷ್ಟು ತಿಂಗಳುಗಳಲ್ಲಿ ಅವಳು ಹೇಳಿದ ಮೊದಲ ಪೂರ್ತಿ ವಾಕ್ಯ ಅದು. ಅಪ್ಪ ಎದ್ದೇಬಿಟ್ಟರು. ಅಷ್ಟರಲ್ಲಿ ಅಜ್ಜಿ ಅಮ್ಮನ ಮೊಣಕೈ ಹಿಡಿದಳು.

"ತಡಿ ಮಗ. ಸಮುದ್ರಾನ ಯಾವಾಗಂದ್ರೆ ಆವಾಗ ಮುಟ್ಬಾರ್ದು. ಅಮಾಸೆ, ಹುಣ್ಣಿಮೆ, ಇಲ್ಲಾ ಗ್ರಹಣ. ಬಾಕಿ ದಿನ ದೂರದಿಂದ ಕೈ ಮುಗೀಬೇಕು."

ಮನೆಗೆ ಬಂದು ನಾನು ಪಂಚಾಂಗ ಓದಿದೆ. ಹುಣ್ಣಿಮೆ ಮೊನ್ನೆಯಷ್ಟೇ ಕಳೆದಿತ್ತು. ಅಮಾವಾಸ್ಯೆಗೆ ಮೊದಲೇ ನಾವು ಊರಿಗೆ ವಾಪಸಾಗಬೇಕಿತ್ತು. ಬಸ್ಸಿನ ವೇಳೆ, ಬಾವಿಯ ನೀರು ಕುಡಿಯಲು ಯೋಗ್ಯವೋ ಅಲ್ಲವೋ, ಹಾಲು ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಮೊದಲೇ ವಿಚಾರಿಸಿಕೊಂಡು ಬಂದಿದ್ದ ಅಪ್ಪ ತಿಥಿ ಮಾತ್ರ ನೋಡಿರಲಿಲ್ಲ. ನಮ್ಮ ಬಯಲುಸೀಮೆಯ ಮನೆಯಲ್ಲಿ ಸಮುದ್ರದ ಶಾಸ್ತ್ರ ಯಾರಿಗೆ ನೆನಪಿರಬೇಕು? ಅಜ್ಜಿಗೂ ಅದು ನೆನಪಾದದ್ದು ನೀರು ಕಂಡ ಮೇಲೆ. ಅವಳ ತಾಯಿ ಎಂದೋ ಹೇಳಿದ್ದಂತೆ. ಆ ತಾಯಿಯೂ ಸಮುದ್ರ ಕಂಡವಳಲ್ಲ. ಅಮ್ಮ ಒಲೆಯ ಮುಂದೆ ಹೋಗಿ ಕೂತಳು. ಮತ್ತೆ ಹೂಂ, ಉಹೂಂ.

ಮರುದಿನ ಮಧ್ಯಾಹ್ನ ಹಿತ್ತಿಲ ಬಾವಿಯ ಹತ್ತಿರ ಅಪ್ಪ ಮತ್ತು ಅಜ್ಜಿಯ ಮಾತು ಕೇಳಿಸಿತು. ನಾನು ಒಳಗೆ ಅಡುಗೆಮನೆಯ ಕಿಟಕಿಯ ಕೆಳಗೆ ಹುರುಳಿಕಾಳು ಆರಿಸುತ್ತಿದ್ದೆ. ಅಪ್ಪ ತಾಯಿಯ ಮುಂದೆ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅವ್ಳು ಬಾಯ್ಬಿಟ್ಟು ಕೇಳಿದ್ದು ಇದೊಂದೇ ಕಣಮ್ಮ. ಇದಕ್ಕೂ ಬೇಡ ಅಂದ್ರೆ ಹೆಂಗೆ?"

"ಕೇಳ್ವಾಗ ಅವ್ಳ ಕಣ್ಣು ನೋಡಿದ್ಯೇನ್ಲಾ ನೀನು? ಹತ್ರದ ಅಲೆ ನೋಡ್ತಿರ್ಲಿಲ್ಲ ಅವ್ಳು. ದೂರ ನೋಡ್ತಿದ್ಲು, ದೂರ. ನಂಗೆ ದಿಗಿಲಾಯ್ತು."

ಅಪ್ಪ ಕೊಡವನ್ನು ಬಾವಿಗೆ ಇಳಿಬಿಟ್ಟ ಸದ್ದು ಕೇಳಿಸಿತು.

"ಮಗೂನ ಮಣ್ಣಿಗೆ ಕೊಟ್ಟಾಯ್ತು. ಇವ್ಳನ್ನ ನೀರಿಗೆ ಕೊಡಕ್ಕಾಗಲ್ಲ ನಂಗೆ. ಶಾಸ್ತ್ರ ಅಂತ ಒಂದೈತಲ್ಲ, ಅದು ಅಡ್ಡ ಇರ್ಲಿ ಬಿಡು."

ಬಹಳ ಹೊತ್ತು ರಾಟೆಯ ಸದ್ದೊಂದೇ ಕೇಳಿಸಿತು. ಅಪ್ಪ ನೀರು ಸೇದುತ್ತಿದ್ದರು. ತೊಟ್ಟಿ ತುಂಬಿ ಚೆಲ್ಲುತ್ತಿದ್ದರೂ ಸೇದುತ್ತಲೇ ಇದ್ದರು.

ಆ ಸಂಜೆಯಿಂದ ಅಜ್ಜಿಗೆ ದಿಗಿಲಾಗದಂಥ ದಂಡೆಗಾಗಿ ಅಪ್ಪನ ಹುಡುಕಾಟ ಶುರುವಾಯಿತು. ಬೀದಿಯ ಮೂಲೆಯ ಅಂಗಡಿಯಲ್ಲಿ ಬಾಡಿಗೆಗೆ ಸೈಕಲ್ ತೆಗೆದುಕೊಂಡು, ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಒಂದೊಂದೇ ದಂಡೆ ನೋಡಿಬರುತ್ತಿದ್ದರು. ಒಳ್ಳೆಯದು ಅನ್ನಿಸಿದರೆ ಮರುದಿನ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗುವುದು. ಈಗ ನನ್ನ ಮೊಮ್ಮಗಳು ಫೋನಿನಲ್ಲಿ ಹತ್ತಿರದ ಒಳ್ಳೆಯ ಬೀಚು ಯಾವುದು ಎಂದು ಕೇಳಿದರೆ ಅದು ಚುಕ್ಕಿ ಹಾಕಿ ತೋರಿಸಿಬಿಡುತ್ತದೆ. ಅಪ್ಪ ಕಾಲಲ್ಲಿ ತುಳಿದು ನೋಡುತ್ತಿದ್ದರು. ಮರಳು ಗಟ್ಟಿಯಾಗಿದೆಯೋ, ಕಾಲು ಹೂತುಹೋಗುತ್ತದೋ? ನೆರಳು ಯಾವ ಕಡೆ? ದೋಣಿ ಎಳೆಯುವ ಜಾಗದಿಂದ ಎಷ್ಟು ದೂರ? ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಆಳ. ಬಾವಿಯ ಹತ್ತಿರದ ಆ ಮಾತಾದ ಮೇಲೆ ಅವರು ಆಳವನ್ನೇ ನೋಡುತ್ತಿದ್ದರು. ತಾವು ನೀರಿಗೆ ಇಳಿಯುವಂತಿಲ್ಲವಲ್ಲ, ಅದಕ್ಕೆ ಬಲೆ ಹಿಡಿದು ನಡೆದು ಹೋಗುವ ಬೆಸ್ತರನ್ನು ನೋಡುತ್ತಾ ನಿಲ್ಲುತ್ತಿದ್ದರು. ಬೇಗ ಸೊಂಟದವರೆಗೆ ಮುಳುಗಿದರೆ ಆ ದಂಡೆ ಬೇಡ. ಪಕ್ಕದ ಮನೆಯ ತಮಿಳು ಹೆಂಗಸು ನಮ್ಮ ಓಡಾಟ ನೋಡಿ ಒಂದು ದಿನ ಕೇಳಿಯೇಬಿಟ್ಟಳು, "ಕಡಲ್ ಎಲ್ಲಾಂ ಒಣ್ಣು ದಾನೇ ಸಾರ್?" ಸಮುದ್ರ ಎಲ್ಲಿ ನೋಡಿದರೂ ಒಂದೇ ಅಲ್ಲವೇ ಅಂತ. ಅಪ್ಪ ಸೈಕಲ್ಲಿನಿಂದ ಇಳಿದು, ಇಲ್ಲಮ್ಮ, ಒಂದೇ ಅಲ್ಲ ಎಂದು ಅವಳಿಗೆ ತಮಿಳಿನಲ್ಲಿ ಪಾಠ ಹೇಳುವವರ ಹಾಗೆ ವಿವರಿಸಿದರು.

ಅಪ್ಪ ಒಪ್ಪಿದ ದಂಡೆಯನ್ನು ಅಜ್ಜಿ ಒಪ್ಪುತ್ತಿರಲಿಲ್ಲ. ಒಂದು ಕಡೆ ಸರ್ವೆ ತೋಪಿನ ತಂಪು ನೆರಳಿತ್ತು. ಅಜ್ಜಿ ಮರಗಳ ನಡುವೆ ಸುತ್ತಾಡಿ ಬಂದು, "ನೆರಳು ಚೆನ್ನಾಗೈತೆ, ಆದ್ರೆ ಊರೋರೆಲ್ಲಾ ಬೆಳಿಗ್ಗೆ ಚೊಂಬು ಹಿಡ್ಕೊಂಡ್ ಬಂದು ಕೂತು ಎದ್ದೋಗೋ ಜಾಗ ಕಣ್ಲಾ ಇದು" ಅಂದಳು. ಇನ್ನೊಂದು ಕಡೆ ಮರಳು ನಮ್ಮ ಮನೆಯ ಸಾರಿಸಿದ ಅಂಗಳದಷ್ಟು ನುಣುಪು. ಅಲ್ಲಿ ಒಣಮೀನು ಹರಡಿದ್ದರು. ಅಜ್ಜಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಜಮಖಾನ ಬಿಚ್ಚಲೂ ಬಿಡಲಿಲ್ಲ. ಮತ್ತೊಂದು ಕಡೆ ಎಲ್ಲವೂ ಸರಿಯಿತ್ತು. ನನ್ನ ಬಾಲ್ಯದ ಅತ್ಯಂತ ಚೆಂದದ ಬೆಳಗು ಅದು. ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ಕೆಂಪು ಏಡಿಗಳು ಗೂಡಿನಿಂದ ಇಣುಕಿ ನಮ್ಮ ನೆರಳು ಕಂಡೊಡನೆ ಮಾಯವಾಗುತ್ತಿದ್ದವು. ನಾನು ಏಡಿ ಅಟ್ಟುತ್ತಾ ಓಡಾಡಿದೆ, ಅಜ್ಜಿ ನನ್ನನ್ನು ಅಟ್ಟುತ್ತಾ ಓಡಾಡಿದಳು. ಆಗ ಒಂದು ಉದ್ದ ಅಲೆ ಮರಳಿನ ಮೇಲೆ ಏರಿ ಜಮಖಾನದ ಅಂಚಿನವರೆಗೆ ಬಂತು. ಅಮ್ಮ ಕಾಲು ಎಳೆದುಕೊಂಡಳು. ಅಲೆ ಹಿಂದಕ್ಕೆ ಹೋದ ಮೇಲೆ, ಒದ್ದೆ ಮರಳಿನ ಮೇಲೆ ಕೈ ಇಡಲು ಹೋಗಿ ಇಡದೆ ಕೈಯನ್ನು ಮಡಿಲಿಗೆ ತಂದುಕೊಂಡಳು. ಹಠ ಮಾಡಿದ್ದರೆ, ಅತ್ತಿದ್ದರೆ ನೋಡಲು ಸುಲಭವಾಗುತ್ತಿತ್ತು. ಅಮ್ಮ ಕೈ ಹಿಂದಕ್ಕೆ ತೆಗೆದದ್ದನ್ನು ಅಜ್ಜಿ ನೋಡಿದಳು. ಆ ದಿನ ಮನೆಗೆ ಬಂದ ಮೇಲೆ ಅಜ್ಜಿಯೂ ಊಟ ಸೇರುತ್ತಿಲ್ಲ ಅಂದಳು. ಮುಂದೆ ನಾನೂ ಶಾಲೆ ನಡೆಸಿದೆ, ನಿಯಮ ಮಾಡಿದೆ, ಮಾಡಿದ ನಿಯಮ ಬಿಡಲಿಲ್ಲ. ಆದರೆ ನಿಯಮ ಹಿಡಿದವರಿಗೂ ಅದು ಸುಡುತ್ತದೆ ಎಂಬುದು ಅಜ್ಜಿಯ ಅಂದಿನ ಮುಖ ನೋಡಿ ನನಗೆ ಗೊತ್ತಾದದ್ದು.

ನಾವು ಹೊರಡುವುದಕ್ಕೆ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಬಿಟ್ಟು ಒಬ್ಬರೇ ಸೈಕಲ್ ಹತ್ತಿ ಹೋದವರು ಬಿಸಿಲೇರಿದ ಮೇಲೆ ಬಂದರು. ಪಂಚೆಯ ಅಂಚು ಒದ್ದೆಯಾಗಿತ್ತು. ಊಟಕ್ಕೆ ಕೂತವರು ಅಜ್ಜಿಯನ್ನು ಕೇಳಿದರು.

"ಅಮ್ಮ, ಸಮುದ್ರ ಮುಟ್ಬಾರ್ದು, ಸರಿ. ಹೊಳೆ?"

"ಹೊಳೆಗೇನ್ಲಾ ಬಂತು? ಹೊಳೇಲಿ ದಿನಾ ಮೀತಾರೆ."

"ಬಡಗಲ ಕಡೆ ತಾಳಂಗುಡ ಅಂತ ಊರೈತೆ. ಅಲ್ಲಿ ಪೆಣ್ಣೆ ಹೊಳೆ ಬಂದು ಸಮುದ್ರ ಸೇರ್ತೈತೆ. ಅದು ಯಾವ್ದು ಅನ್ಕೊಂಡೆ? ನಮ್ ಪಿನಾಕಿನಿ ಕಣಮ್ಮ. ನಮ್ ಹೊಸೂರ್ ದಾಟಿ, ಕೃಷ್ಣಗಿರಿ ದಾಟಿ, ನಾವ್ ಬಸ್ಸಲ್ಲಿ ಬಂದಂಗೇ ಅದೂ ಇಲ್ಲಿಗೆ ಬತ್ತದೆ."

ಅಮ್ಮ ಬಡಿಸುತ್ತಿದ್ದ ಸೌಟು ಹಿಡಿದು ಹಾಗೇ ನಿಂತಳು. ಅಜ್ಜಿ ತುತ್ತು ಕೆಳಗಿಟ್ಟಳು.

"ನಮ್ ಹೊಳೆ ಇಷ್ಟ್ ದೂರ ಬತ್ತದಾ?"

"ಬತ್ತದೆ. ವರ್ಷಾ ವರ್ಷಾ ಪಾಠ ಮಾಡೋನು ನಾನು."

"ಆಳ?"

"ಮೊಣಕಾಲು ದಾಟಲ್ಲ. ಅಲೆ ಇಲ್ಲ. ಸಮುದ್ರಕ್ಕೂ ಅದಕ್ಕೂ ಮಧ್ಯ ಮರಳ ದಿಬ್ಬ ಐತೆ."

ಅಜ್ಜಿ ಕೆಳಗಿಟ್ಟ ತುತ್ತನ್ನು ಮತ್ತೆ ಕೈಗೆತ್ತಿಕೊಂಡಳು.

"ನೀನ್ ಹೇಳೋದು ಪುಸ್ತಕದ ಮಾತು. ಬಾಯಿಗೆ ಹಾಕ್ಕೊಂಡ್ ನೋಡ್ತೀನಿ. ಉಪ್ಪಿದ್ರೆ ಸಮುದ್ರ, ಸಿಹಿಯಿದ್ರೆ ಹೊಳೆ. ಆಮ್ಯಾಕೆ ಹೇಳ್ತೀನಿ."

ಮರುದಿನ ಬೆಳಿಗ್ಗೆ ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಜಟಕಾ ಗಾಡಿಯಲ್ಲಿ ಹೊರಟೆವು. ಅಮ್ಮ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು. ಗಾಡಿ ನಿಂತ ಮೇಲೆ ತಾಳೆಮರಗಳ ಸಾಲು ದಾಟಿ ನಡೆದೆವು. ಎದುರಿಗೆ ನೀರು ಅಗಲವಾಗಿ, ಅಲುಗದೆ ಹರಡಿತ್ತು. ಮಳೆಗಾಲ ಮುಗಿದ ಮೇಲೆ ನಮ್ಮೂರ ಕೆರೆ ಇರುವ ಹಾಗೆಯೇ ಇತ್ತು. ತಳದ ಮರಳು, ಮರಳಿನ ಮೇಲೆ ಓಡಾಡುವ ಬೆರಳುದ್ದದ ಮೀನು ಎಲ್ಲ ಕಾಣುತ್ತಿದ್ದವು. ದೂರದಲ್ಲಿ ಉದ್ದನೆಯ ಮರಳ ದಿಬ್ಬ, ಅದರಾಚೆ ಸಮುದ್ರದ ಸದ್ದು. ಸದ್ದಿತ್ತು, ಅಲೆ ಇರಲಿಲ್ಲ. ಅಪ್ಪ ಕೊಡೆ ಮಡಚಿ ಮರಳಿಗೆ ಚುಚ್ಚಿ ನಿಲ್ಲಿಸಿ, ಅದರ ಪಕ್ಕ ತಾವೂ ನಿಂತರು. ನಾವೆಲ್ಲ ಅಜ್ಜಿಯನ್ನೇ ನೋಡುತ್ತಿದ್ದೆವು. ಅಜ್ಜಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಚಪ್ಪಲಿ ಬಿಟ್ಟಳು. ನೀರಿನ ಅಂಚಿಗೆ ಹೋಗಿ, ಬಗ್ಗಿ, ಬೊಗಸೆಯಲ್ಲಿ ಸ್ವಲ್ಪವೇ ನೀರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನುಂಗಿದಳು. ಅವಳ ಬೆನ್ನು ನಮ್ಮ ಕಡೆಗಿತ್ತು, ಮುಖ ಕಾಣಲಿಲ್ಲ. ಬಗ್ಗಿದವಳು ಬಗ್ಗಿದ ಹಾಗೆಯೇ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ತಿರುಗಿ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು.

"ಸಿಹಿ ನೀರು. ನಮ್ ಹೊಳೇನೇ. ಬಾ ಮಗ."

ಅಪ್ಪ ತಲೆ ತಗ್ಗಿಸಿ ಕಾಲ ಬಳಿಯ ಮರಳು ನೋಡುತ್ತಾ ನಿಂತರು. ಅಜ್ಜಿ ಕೈ ಚಾಚಿದಳು, ಅಮ್ಮ ಆ ಕೈ ಹಿಡಿದು ನೀರಿಗೆ ಇಳಿದಳು. ಮೊದಲು ಪಾದ ಮುಳುಗುವಷ್ಟು, ಆಮೇಲೆ ಮೊಣಕಾಲವರೆಗೆ. ಇಬ್ಬರೂ ಅಲ್ಲೇ ನಿಂತರು. ಅಮ್ಮನ ಹೆಗಲು ಅಲುಗುತ್ತಿದ್ದದ್ದು ದಂಡೆಯಿಂದಲೂ ಕಾಣುತ್ತಿತ್ತು. ಅಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಮಗು ಹೋದ ದಿನವೂ ಅವಳು ಅತ್ತಿರಲಿಲ್ಲ. ಅಜ್ಜಿ ಸುಮ್ಮನಿರು ಅನ್ನಲಿಲ್ಲ. ಎಡಗೈಯಲ್ಲಿ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಲಗೈಯಲ್ಲಿ ನೀರು ತೆಗೆದು ಅವಳ ನೆತ್ತಿಗೆ ಹಾಕಿದಳು. ಬಾಣಂತಿಗೆ ನೀರೆರೆಯುವ ಹಾಗೆ, ಮತ್ತೆ, ಮತ್ತೆ. ಅವರು ಎಷ್ಟು ಹೊತ್ತು ಹಾಗಿದ್ದರೋ. ಅಪ್ಪ ಒಂದು ಸಲವೂ ಗಡಿಯಾರ ನೋಡಲಿಲ್ಲ.

ನೀರಿನಿಂದ ಬಂದ ಅಮ್ಮನ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಕೆಂಪಾಗಿದ್ದವು.

"ಅತ್ತೆ, ಆ ಮೀನು ಕಾಲು ಕಚ್ತಾವೆ" ಅಂದಳು. ಆಮೇಲೆ ಬುತ್ತಿಯ ಕಡೆ ನೋಡಿ, "ಹಸಿವಾಯ್ತಾ ಐತೆ."

ಅಜ್ಜಿ ಜಮಖಾನ ಹಾಸಿ, ಕಾಲು ಚಾಚಿ ಕೂತು ಬುತ್ತಿ ಬಿಚ್ಚಿದಳು. ಮೊಸರನ್ನ ಕಲಸಿ ಅಮ್ಮನ ಅಂಗೈಗೆ ಒಂದೊಂದೇ ತುತ್ತು ಇಟ್ಟಳು. ಅಮ್ಮ ತಿನ್ನುತ್ತಾ ಹೋದಳು. ಅಪ್ಪ ತಮ್ಮ ಪಾಲನ್ನೂ ಸದ್ದಿಲ್ಲದೆ ಅತ್ತ ಸರಿಸಿದರು. ಅವರು ಮೂವರೂ ಊಟದಲ್ಲಿದ್ದಾಗ ನಾನು ನೀರಿಗೆ ಓಡಿದೆ. ಮತ್ತಿಗಿರಿಯಿಂದ ಇಷ್ಟು ದೂರ ನಮ್ಮ ಹಿಂದೆಯೇ ಬಂದ ನೀರು ಹೇಗಿರಬಹುದು ಎಂಬ ಕುತೂಹಲ. ಬೊಗಸೆ ತುಂಬ ಎತ್ತಿ ಕುಡಿದೆ. ಉಪ್ಪು. ನಾಲಿಗೆ ಮುರುಟುವಂಥ, ಗಂಟಲು ಕಟ್ಟುವಂಥ ಉಪ್ಪು. ನಮ್ಮ ಹೊಳೆ ಬೇಸಿಗೆಯಲ್ಲಿ ಇಷ್ಟು ದೂರ ಬರುವುದಿಲ್ಲ, ದಾರಿಯಲ್ಲೇ ಮರಳಲ್ಲಿ ಇಂಗಿಹೋಗುತ್ತದೆ, ಅಲ್ಲಿ ನಿಂತಿದ್ದದ್ದು ದಿಬ್ಬದ ಸಂದಿನಿಂದ ಒಳಬಂದ ಸಮುದ್ರವೇ ಎಂದು ಅಪ್ಪ ಬಹಳ ವರ್ಷಗಳ ಮೇಲೆ, ಅಜ್ಜಿ ಹೋದ ಮೇಲೆ, ನನಗೆ ಹೇಳಿದರು. ಅಂದು ನನಗೆ ಅದೇನೂ ಗೊತ್ತಿರಲಿಲ್ಲ. ಉಗುಳಿ ತಿರುಗಿದೆ. ಅಜ್ಜಿ ಕೈಯಲ್ಲಿ ತುತ್ತು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅಪ್ಪನೂ ನೋಡುತ್ತಿದ್ದರು. ಅಮ್ಮ ಮಾತ್ರ ಅಗಿಯುತ್ತಾ ಮೀನುಗಳ ಕಡೆ ನೋಡುತ್ತಿದ್ದಳು.

"ಏನೇ ಪುಟ್ಟಿ, ನೀರು ಹೆಂಗೈತೆ?" ಅಜ್ಜಿ ಕೇಳಿದಳು.

ನಾನು ಅಮ್ಮನ ಒದ್ದೆ ಕೂದಲನ್ನು, ಅವಳ ಕೆನ್ನೆಗೆ ಅಂಟಿದ್ದ ಮೊಸರನ್ನದ ಅಗುಳನ್ನು ನೋಡಿದೆ.

"ಸಿಹಿ ಅಜ್ಜಿ. ನಮ್ಮೂರ ನೀರೇ."

"ಹೂಂ, ಮತ್ತೆ?" ಅಂದಳು ಅಜ್ಜಿ. ಜಮಖಾನದ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು. "ಬಾ, ಕೈ ಚಾಚು."